ಬಿಡುವಿನ ದಿನದ ಅಭ್ಯಾಸ

ಫೆಬ್ರವರಿ ೧೯, ಗುರುವಾರ, ಕೇರ್ನ್ಸ್

ಇಂದು ತಂಡಕ್ಕೆ ಬಿಡುವು. ಆದರೂ ತಮಾಟೋವಾ ಬ್ಯಾಸ್ಕೆಟ್‌ಬಾಲ್ ಅಂಗಣಕ್ಕೆ ಬಂದಿದ್ದ. ನಮ್ಮ ಆಟಗಾರರಲ್ಲೇ ಅತಿ ಕಿರಿಯನಾದ ಅವನನ್ನು ರಾರೋಟೊಂಗಾ ದ್ವೀಪದಿಂದ ಕರೆತಂದವನು ಸಹಾಯಕ ತರಬೇತುದಾರನಾದ ನಾನೇ. ಅವನು ಎಸೆದ ಚೆಂಡುಗಳೆಲ್ಲ ರಿಂಗಿನ ಮುಂಭಾಗಕ್ಕೆ ಬಡಿದು ಮರಳುತ್ತಿದ್ದವು. ಕಾಲುಗಳಲ್ಲಿ ಕಸುವು ಉಳಿಯದಿದ್ದಾಗ ಹಾಗಾಗುತ್ತದೆಂದು ಬಲ್ಲೆ. ಆದರೂ "ಇನ್ನೂ ಹತ್ತು" ಎಂದೆ. ಪಂದ್ಯಗಳ ಋತುವಿನ ಈ ಕೊನೆಯ ವಾರಗಳಲ್ಲಿ ಹಾಗೆನ್ನಬಾರದಿತ್ತು.

ಅವನು ನೀರು ಕುಡಿಯಲು ಹೋದಾಗ, ನಾಯಕ ಡೆಕ್ಲನ್ ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡು ನನ್ನ ಪಕ್ಕ ಕುಳಿತ.

"ಮನೆಗೆ ಹೋಗೋ ಯೋಚನೆ ಇದ್ಯೋ ಇಲ್ವೋ, ಅಜ್ಜಾ?"

"ಹುಡುಗ ಮುಗಿಸ್ಲಿ. ಅವನೊಬ್ಬನ್ನೇ ಬಿಟ್ಟು ಹೆಂಗಪ್ಪಾ ಹೋಗ್ಲಿ?"

ಡೆಕ್ಲನ್ ನಕ್ಕುಬಿಟ್ಟ. "ಅವ್ನು ನಂಗೇನಂದ ಗೊತ್ತಾ? 'ಕೋಚ್ ಒಬ್ರನ್ನೇ ಬಿಟ್ಟು ಹೆಂಗೆ ಹೋಗ್ಲಿ, ಬೇಜಾರ್ ಮಾಡ್ಕೋತಾರೆ' ಅಂದ. ಇಬ್ರೂ ಸೇರಿ ಆ ಕಾಲು ಮುರೀತೀರ, ನೋಡ್ತಿರಿ."

ನನಗೆ ನಗು ಬರಲಿಲ್ಲ. ಶ್ರದ್ಧೆಯೆಂದು ನಾನು ಎಲ್ಲರೆದುರು ಹೊಗಳಿದ್ದು, ನನ್ನನ್ನು ನೋಯಿಸಬಾರದೆಂಬ ಅವನ ಸಂಕೋಚವಾಗಿತ್ತು.

ಅಷ್ಟಾದರೂ ಸಂಜೆ ಮುಖ್ಯ ತರಬೇತುದಾರರು ಶನಿವಾರದ ಸೆಮಿಫೈನಲ್‌ಗೆ ಅವನು ಸಿದ್ಧನೇ ಎಂದು ಕೇಳಿದಾಗ, ಸಿದ್ಧ ಎಂದುಬಿಟ್ಟೆ. ನಿಜ ಹೇಳಿದ್ದರೆ ಅವನನ್ನು ಆಡಿಸುತ್ತಿರಲಿಲ್ಲ. ಆ ಆಟ ನೋಡಲೆಂದೇ ಅವನ ತಾಯಿ ನಾಳೆ ವಿಮಾನವೇರುತ್ತಿದ್ದಾಳೆ. ಹೇಳದಿದ್ದರೆ, ನಾನು ನೋಡುತ್ತಿದ್ದೇನೆಂಬ ಒಂದೇ ಕಾರಣಕ್ಕೆ ಅವನು ಆ ಕಾಲುಗಳಲ್ಲೇ ಓಡುತ್ತಾನೆ.

ಪಶ್ಚಾತ್ತಾಪವನ್ನು ಇಲ್ಲಿ ಬರೆದಿಟ್ಟು ಮಲಗಿದರೆ ಹುಡುಗನ ಕಾಲುಗಳಿಗೇನು ಲಾಭ? ಏಳಬೇಕು. ಮೊದಲು ತರಬೇತುದಾರರಿಗೆ ಫೋನ್ ಮಾಡಬೇಕು. ಆಮೇಲೆ ಅವನಿಗೆ. ಅವನಿಗೆ ಏನೆಂದು ಹೇಳುವುದೆಂದು ಬರೆಯುತ್ತ ಕೂರುವುದಿಲ್ಲ; ಪೆನ್ನು ಇಟ್ಟು ಫೋನ್ ಕೈಗೆತ್ತಿಕೊಳ್ಳುತ್ತೇನೆ.