ಕಡಗೋಲಿನ ಪೆನ್ನು

ಸಾಗರ
೧೬-೧೧-೨೦೨೪

ಪ್ರೀತಿಯ ಪ್ರತಿಮಾ,

ಹೇಗಿದ್ದೀ? ಕತ್ತುನೋವು ಕಡಿಮೆಯಾಯಿತೇ? ಉತ್ತರಪತ್ರಿಕೆ ತಿದ್ದುವಾಗ ಬಗ್ಗಿ ಕೂರಬೇಡವೆಂದರೆ ನೀನು ಕೇಳುವವಳಲ್ಲ. ಕಾರವಾರದ ಸೆಖೆ ಈಗಲಾದರೂ ಇಳಿದಿರಬೇಕು. ಅಮ್ಮ ಗಟ್ಟಿಯಾಗಿದ್ದಾಳೆ. ಬಿ.ಪಿ. ಮಾತ್ರೆ ನುಂಗುತ್ತಾಳೆ, ನನ್ನ ಮೇಲೆ ರೇಗುತ್ತಾಳೆ, ನಿನ್ನನ್ನು ಹೊಗಳುತ್ತಾಳೆ. ಒಂದನ್ನೂ ಮರೆಯುವುದಿಲ್ಲ.

ನನ್ನ ಪೆನ್ನಿನ ಕೆಲಸ ನಡೆದಿದೆ. ಹಿಂದಿನ ಕೋಣೆಯಲ್ಲಿ ಮರ ಕಡೆಯುವ ಪುಟ್ಟ ಲೇತ್ ಗುಂಯ್‌ಗುಡುತ್ತಿರುತ್ತದೆ. ಹಲಸಿನ ಮರದ ಪೆನ್ನುಗಳನ್ನು ತೀರ್ಥಹಳ್ಳಿಯ ಮೇಷ್ಟರುಗಳು ಕೇಳಿ ತರಿಸಿಕೊಳ್ಳುತ್ತಾರೆ. ಹೋದ ತಿಂಗಳು ಅಟ್ಟದಲ್ಲಿ ಅಮ್ಮನ ಹಳೆಯ ಕಡಗೋಲು ಸಿಕ್ಕಿತು. ತಲೆಯನ್ನು ಹುಳ ತಿಂದಿತ್ತು, ಕೋಲು ಮಾತ್ರ ಗಟ್ಟಿಯಿತ್ತು. "ಒಲೆಗಂತ ಇಟ್ಟಿದ್ದೆ, ಎಂತ ಬೇಕಾದ್ರೂ ಮಾಡ್ಕ" ಎಂದಳು ಅಮ್ಮ. ತುಂಡು ಮಾಡಿ, ನಡುವೆ ತೂತು ಕೊರೆದು, ಹಿತ್ತಾಳೆಯ ಕೊಳವೆ ಅಂಟಿಸಿ ಲೇತಿಗೆ ಕೊಟ್ಟೆ. ಉಳಿ ತಾಗಿದ್ದೇ ತಡ, ಮರ ಕೊಳವೆಯಿಂದ ಜಾರಿ ಸಿಡಿಯಿತು. ಇನ್ನೊಂದು ತುಂಡೂ ಹಾಗೇ. ಬೆಣ್ಣೆ, ಮಾರಾಯ್ತಿ! ಅಷ್ಟು ವರ್ಷ ಬೆಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದುಂಟೇ? ಉಳಿದ ಕೊನೆಯ ತುಂಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬಿಸಿಲಿಗಿಟ್ಟು, ಮತ್ತೆ ಒರೆಸಿ ಒಂದೇ ಒಂದು ಪೆನ್ನು ಮಾಡಿದೆ. ಜೇನಿನ ಬಣ್ಣ. ಅಂಗೈಯ ಬಿಸಿ ತಾಗಿದರೆ ಈಗಲೂ ತುಪ್ಪದ ಪರಿಮಳ. ಹೊಸನಗರದ ಗಿರಾಕಿಯೊಬ್ಬರು ಎಷ್ಟು ಕೇಳಿದರೂ ಮಾರಲಿಲ್ಲ.

ಅಮ್ಮ ಅದನ್ನು ಮೂಸಿದಳು. ಕಣ್ಣು ಒದ್ದೆಯಾಯಿತು. ಈಗ ನನ್ನ ತಲೆ ಸವರುತ್ತಾಳೆಂದು ಈ ವಯಸ್ಸಿನಲ್ಲೂ ಬಗ್ಗಿ ನಿಂತೆ ನೋಡು. "ಇದನ್ನ ಪ್ರತಿಮಂಗೆ ಕಳ್ಸೆ. ಅದ್ರ ಅಕ್ಷರ ಅಂದ್ರೆ ಮುತ್ತು. ನೀನು ಬರೆದ್ರೆ ಕೋಳಿ ಕೆರೆದಂಗೆ" ಎಂದಳು.

ಬೆಳಗಾಗೆದ್ದು ಆ ಕಡಗೋಲಿನ ಹಗ್ಗ ಎಳೆದವಳು ನಾನು. ನಿನಗೆ ಯಾವಾಗಲೂ ಓದಲಿಕ್ಕಿರುತ್ತಿತ್ತು. ನನ್ನ ಕೈಯ ಬೊಬ್ಬೆ ಯಾರಿಗೂ ಕಾಣುತ್ತಿರಲಿಲ್ಲ, ಬೆಣ್ಣೆಯ ಮೊದಲ ಉಂಡೆ ನಿನ್ನ ಅಂಗೈಗೇ ಬೀಳುತ್ತಿತ್ತು. ಆಮೇಲೆ ನಾನೂ ಎಂ.ಎ. ಮಾಡಿದೆ, ಇಷ್ಟು ಕವಿತೆ ಓದಿದೆ. ಆ ಒಂದು ಉಂಡೆ ಮಾತ್ರ ನನ್ನೊಳಗೆ ಕರಗಲೇ ಇಲ್ಲ. ಅದೇ ಕೋಲು ಲೇತಿನಲ್ಲಿ ಮತ್ತೆ ತಿರುಗುವಾಗ, ಈ ಸಲದ್ದು ನನಗೇ ಎಂದುಕೊಂಡಿದ್ದೆ.

ಇರಲಿ. ಅಮ್ಮನ ಎದುರಿಗೇ ಪೆನ್ನು ಡಬ್ಬಿಗೆ ಹಾಕಿ, ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಕತ್ತಿಗೆ ಎಣ್ಣೆ ಹಚ್ಚಿಕೋ. ನಿನ್ನ ಗಣೇಶನನ್ನು ಕೇಳಿದೆನೆಂದು ಹೇಳು. ನಿನ್ನ ಕೈಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಶ್ಯಾಮಲಾ

ತಾ.ಕ.: ಪೆನ್ನನ್ನು ಮೂಸಬೇಡ. ಅದು ಹಲಸಿನದು. ಅಮ್ಮ ಮಾತ್ರೆ ತರಲು ಒಳಗೆ ಹೋದಾಗ ಬದಲಾಯಿಸಿದೆ. ಕಡಗೋಲಿನದು ಈಗ ನನ್ನ ಕೈಯಲ್ಲಿ ಕೋಳಿ ಕೆರೆದಂತೆ ಈ ಸಾಲು ಬರೆಯುತ್ತಿದೆ. ಅಮ್ಮ ಫೋನಿನಲ್ಲಿ ಕೇಳಿದರೆ ತುಪ್ಪದ ಪರಿಮಳ ಬಂತು ಅನ್ನು. ಸುಳ್ಳು ಹೇಳಲು ಮನಸ್ಸು ಬಾರದಿದ್ದರೆ ನೀನೇ ಬಂದು ಕಸಿದುಕೋ. ಕೊಡುತ್ತೇನೆಂದು ಹೇಳುತ್ತಿಲ್ಲ. ಬಾ ಎನ್ನುತ್ತಿದ್ದೇನೆ.