ಮರುದನಿ ಅಡಗುವವರೆಗೆ

ವಿಜಯಪುರ,
ಫೆಬ್ರವರಿ ಮೂವತ್ತು, ೨೬೧೪

ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಬಿಡದ ಗೆಳತಿಗೆ,

ತಾರೀಕು ನೋಡಿ ನಗಬೇಡ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಅದು ಹೇಗಾಯಿತೆಂದು ಹೇಳಲು ಕೂತರೆ ಕಾಗದ ಸಾಲದು. ನನಗಿಂತ ಆರುನೂರು ವರ್ಷ ಹಿಂದಿನವಳಾದ ನಿನ್ನನ್ನು ಗೆಳತಿ ಎಂದಿದ್ದಕ್ಕೂ, ನನ್ನ ಕನ್ನಡ ನಿನಗೆ ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ಇಬ್ಬರೂ ಹೈಸ್ಕೂಲಿನವರು ಎಂಬ ಸಲಿಗೆಯಿಂದ ಬರೆಯುತ್ತಿದ್ದೇನೆ. ನನ್ನ ಹೆಸರು ಭೌರವ್ವ.

ನಮ್ಮ ತರಗತಿಗೆ ಮೂಲೆಗಳಿಲ್ಲ. ನಮ್ಮೂರ ಗೋಳಗುಮ್ಮಟದಲ್ಲಿ ಆಡಿದ ಮಾತು ಮತ್ತೆ ಮತ್ತೆ ಮರಳುವುದನ್ನು ನೀನೂ ಕೇಳಿರುತ್ತೀಯ. ಬಹಳ ಹಿಂದೆ ಯಾರೋ ಪುಣ್ಯಾತ್ಮರು ಶಾಲೆಗಳನ್ನೂ ಹಾಗೆಯೇ ಕಟ್ಟಬೇಕೆಂದು ಹಟ ಹಿಡಿದರಂತೆ. ಇದಕ್ಕೆ ಮರುದನಿ ಮನೆ ಎನ್ನುತ್ತೇವೆ. ಚರ್ಚೆಗೆ ಎಲ್ಲರೂ ದುಂಡಗೆ ಕೂರುತ್ತೇವೆ. ಒಬ್ಬರ ಮಾತು ಸುತ್ತಿ ಸುತ್ತಿ ಪೂರ್ತಿ ಅಡಗುವವರೆಗೆ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ. ಸಿಟ್ಟಿನಲ್ಲಿ ಒದರಿದರೆ ಆ ಒದರಾಟವೇ ತಿರುಗಿ ಬಂದು ಕಿವಿಗೆ ಬಡಿಯುತ್ತದೆ. ನನ್ನ ಪಕ್ಕ ಕೂರುವ ದಾವಲ್ ಮಾತಿನ ಮಲ್ಲ. ಅವನು ಕೂಡ ಇಲ್ಲಿ ಅಳೆದು ತೂಗಿ ಮಾತಾಡುತ್ತಾನೆ.

ವರ್ಷದ ಕೊನೆಗೆ ಪ್ರತಿಯೊಬ್ಬರೂ ಎದ್ದು ನಿಂತು, ಚರ್ಚೆಗಳಲ್ಲಿ ತಮ್ಮ ಪಾಲೇನು ಎಂದು ಹೇಳಬೇಕು. ಹೇಳಲಾಗದವರು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕು. ಪ್ರಶ್ನೆ ಎತ್ತಿದೆ ಎನ್ನುವವರಿದ್ದಾರೆ, ಜಗಳ ಬಿಡಿಸಿದೆ ಎನ್ನುವವರಿದ್ದಾರೆ. ನಾನು ವರ್ಷವಿಡೀ ತಲೆ ತಗ್ಗಿಸಿ ಕೇಳುತ್ತಾ ಕೂತವಳು. ಹೇಳಿಕೊಳ್ಳಲು ಒಂದು ವಾಕ್ಯವೂ ಇರಲಿಲ್ಲ. ಆ ದಿನವೋ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಜ್ವರ ಬಂತು. ಹೌದು, ನಮಗೂ ಜ್ವರ ಬರುತ್ತದೆ. ಗುಣವಾಗಿ ಮರಳಿದಾಗ ತರಗತಿಯಲ್ಲಿ ಎಲ್ಲರೂ ಸಿಟ್ಟಿನಿಂದ ಮುಖ ಊದಿಸಿಕೊಂಡಿದ್ದರು. ನಾನಿಲ್ಲದಾಗ ಒಬ್ಬರ ಮಾತು ಅಡಗುವ ಮೊದಲೇ ಇನ್ನೊಬ್ಬರು ಶುರುಮಾಡಿ, ಮಾತಿನ ಮೇಲೆ ಮಾತು ಬಿದ್ದು ಚರ್ಚೆ ಸಂತೆಯಾಗಿತ್ತಂತೆ. ದಾವಲ್ ನನ್ನನ್ನು ಕಂಡವನೇ ತರಾಟೆಗೆ ತೆಗೆದುಕೊಂಡ: "ಎಲ್ಲಿ ಹೋಗಿದ್ದಿ ನೀ? ನೀ ತಲಿ ಎತ್ತಿದ ಮ್ಯಾಲ ನಾವು ಮಾತಾಡೂದು. ಖಾಲಿ ಜಾಗಾ ನೋಡಿ ಏನ್ ತಿಳೀಬೇಕು ನಮಗ?"

ನಾನು ದಂಗಾದೆ. ಕೊನೆಯ ಸಣ್ಣ ದನಿಯೂ ಅಡಗಿದ ಮೇಲೆ ತಲೆ ಎತ್ತುವುದು ನನ್ನ ರೂಢಿ. ಅದನ್ನೇ ನೋಡಿಕೊಂಡು ಇಡೀ ತರಗತಿ ಮಾತಾಡುತ್ತಿತ್ತು. ನನಗಂತೂ ಗೊತ್ತಿರಲಿಲ್ಲ, ನಾನು ಜ್ವರದಿಂದ ಮಲಗುವವರೆಗೆ ಅವರಿಗೂ ಗೊತ್ತಿರಲಿಲ್ಲ.

ನಿನ್ನೆ ನನ್ನ ಸರದಿ. ನೀಲಗಂಗಾ ಟೀಚರ್ ಹೆಸರು ಕರೆದರು. ಎದ್ದು ನಿಂತೆ. "ನಾ ಕಡೀತನಕಾ ಕೇಳ್ತೀನ್ರಿ" ಎಂದೆ, ಅಷ್ಟೇ. ನನ್ನ ದನಿ ಗುಮ್ಮಟಕ್ಕೇರಿ, ಸುತ್ತಿ, ಇಳಿದು ಬಂತು, ಮತ್ತೆ ಏರಿತು. ಅದು ಅಷ್ಟು ಎತ್ತರ ಹೋಗಬಲ್ಲದೆಂದು ನಾನು ಎಣಿಸಿರಲಿಲ್ಲ. ತಲೆ ತಗ್ಗಿಸಿ ಕೇಳಿದೆ. ಪೂರ್ತಿ ಅಡಗಿದ ಮೇಲೂ ಯಾರೂ ಮಾತಾಡಲಿಲ್ಲ, ಟೀಚರ್ ಕೂಡ. ಎಲ್ಲರೂ ನನಗಾಗಿಯೇ ಕಾಯುತ್ತಿದ್ದಾರೆಂದು ಆಗ ಹೊಳೆಯಿತು. ತಲೆ ಎತ್ತಿದೆ. ಆಮೇಲೆಯೇ ಟೀಚರ್ ಮುಂದಿನ ಹೆಸರು ಕರೆದದ್ದು.

ನಿನ್ನ ತರಗತಿಗೆ ಗುಮ್ಮಟವಿಲ್ಲ. ಆಡಿದ ಮಾತು ಕಿಟಕಿಯಾಚೆ ಹೋಗಿಬಿಡುತ್ತದೆ, ಕೇಳಿದವರು ಯಾರೆಂದು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಒಂದೇ ಕೋರಿಕೆ. ನಾಳೆ ಯಾರಾದರೂ ಮಾತು ಮುಗಿಸಿದಾಗ ತಲೆ ಎತ್ತಿ ಅವರ ಮುಖ ನೋಡು. ಅವರು ಆಗಲೇ ನಿನ್ನ ಕಡೆ ನೋಡುತ್ತಿರಬಹುದು.

ನಿನ್ನ ಉತ್ತರ ಇಲ್ಲಿಗೆ ತಲುಪುವುದಿಲ್ಲವೆಂದು ಗೊತ್ತು. ಆದರೂ ಕೇಳುತ್ತಾ ಕೂತಿದ್ದೇನೆ.

ಭೌರವ್ವ