ಜರ್ಮನಿಯ ದೊಡ್ಡಮನೆಯಾಕೆ ಮತ್ತು ನನ್ನ ಅರ್ಜಿ

ಸಂಪಾಜೆ
೧೮-೧೧-೧೯೫೩

ಅಮ್ಮನಿಗೆ ನರ್ಮದೆಯ ನಮಸ್ಕಾರ.

ಕ್ಷೇಮ ಎಂದು ಬರೆಯಲು ಕೂತರೆ ಕೈಯೇ ಓಡುತ್ತಿಲ್ಲ. ತಲೆ ಕೆಟ್ಟು ಹೋಗಿದೆ. ಬೈಯಬೇಡ, ಪೂರ್ತಿ ಓದು.

ಮಡಿಕೇರಿಯ ನಮ್ಮ ಹಳೆಯ ಟೀಚರು ಒಂದು ಪುಸ್ತಕ ಕೊಟ್ಟಿದ್ದರು. ನಾನೂರು ವರ್ಷದ ಹಿಂದೆ ಜರ್ಮನಿಯಲ್ಲಿದ್ದ ದೊಡ್ಡಮನೆಯ ಹೆಂಗಸಿನ ಕಥೆ. ಹೊಸ ಮತದ ಪುಸ್ತಕ ಓದಿದನೆಂದು ಅಲ್ಲೊಬ್ಬ ವಿದ್ಯಾರ್ಥಿಯನ್ನು ಹಿಡಿದು ಕೂಡಿಹಾಕಿದರಂತೆ. ಈಕೆ ಪಂಡಿತರಿಗೆ ಕಾಗದ ಬರೆದು, ಬನ್ನಿ ವಾದ ಮಾಡೋಣ ಎಂದಳು. ಅವರು ಉತ್ತರ ಕೊಡಲಿಲ್ಲ. ಅವಳ ಗಂಡನ ಅಧಿಕಾರ ಕಿತ್ತುಕೊಂಡರು. ಆಮೇಲೆ ಗಂಡ ಅವಳನ್ನು ಹೇಗೆ ನೋಡಿಕೊಂಡ ಎಂಬುದನ್ನು ಪುಸ್ತಕ ಎರಡೇ ಸಾಲಿನಲ್ಲಿ ಮುಗಿಸಿದೆ. ನನಗೆ ಈಗ ಬೇಕಾಗಿರುವುದು ಅದೇ.

ಅದನ್ನು ಓದಿದ ವಾರವೇ ನಮ್ಮ ಪಕ್ಕದ ಮನೆಯ ಕೂಸಪ್ಪನ ಮಗಳ ಹೆಸರನ್ನು ಶಾಲೆಯಿಂದ ತೆಗೆದರು. ದೊಡ್ಡ ಹುಡುಗಿ ಗಂಡುಹುಡುಗರ ಜೊತೆ ಕೂರಬಾರದೆಂದು ಶಾಲೆಗಳ ಹೊಸ ಇನ್‌ಸ್ಪೆಕ್ಟರ ಅಪ್ಪಣೆ. ನಿನ್ನ ಅಳಿಯ ಅದೇ ಶಾಲೆಯ ಮೇಷ್ಟ್ರು, ಬಾಯಿ ಬಿಡುವ ಹಾಗಿಲ್ಲ. ನಾನು ತಡೆಯಲಾರದೆ ಸರ್ಕಾರಕ್ಕೆ ಅರ್ಜಿ ಬರೆದೆ. ಕೊನೆಗೆ, ನಮ್ಮ ಹೆಂಗಸರು ಬರೆಯುವ ಹಾಗೆ, ನನ್ನ ಹೆಸರು ಬಿಟ್ಟು 'ಮೇಷ್ಟ್ರು ಗೋಪಿನಾಥರ ಧರ್ಮಪತ್ನಿ' ಎಂದೇ ಸಹಿ ಹಾಕಿದೆ. ಅಲ್ಲೇ ಎಡವಿದ್ದು.

ಇನ್‌ಸ್ಪೆಕ್ಟರು ಇವರನ್ನು ಕರೆಸಿ, "ಹೆಂಡ್ತಿ ಹೆಸರಲ್ಲಿ ಅರ್ಜಿ ಗೀಚಿದ್ದು ನೀವೇ ಅಲ್ವೇನ್ರೀ?" ಎಂದರಂತೆ. ಒಬ್ಬ ಹೆಂಗಸು ಇಷ್ಟು ಬರೆದಾಳೆಂದು ಅವರಿಗೆ ನಂಬಿಕೆಯಿಲ್ಲ. ಒಪ್ಪಿಕೊಂಡರೆ ದೂರದ ಗಡಿಯ ಕುಟ್ಟಕ್ಕೆ ವರ್ಗ, ಇಲ್ಲದಿದ್ದರೆ ಕೆಲಸವೇ ಹೋಗುತ್ತದಂತೆ. ಇವರು ನನ್ನನ್ನು ಬೈಯಲಿಲ್ಲ ಅಮ್ಮ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. "ನಾನೇ ಬರ್ದದ್ದು ಅಂತ ಹೇಳ್ಬಿಡ್ತೀನಿ, ನೀನು ಸುಮ್ನಿರು" ಎಂದು ಊಟಕ್ಕೆ ಕೂತರು.

ಹಾಗೆ ಹೇಳಿದರೆ ಅರ್ಜಿ ಸುಳ್ಳೆಂದಾಗಿ ಕಸದ ಬುಟ್ಟಿ ಸೇರುತ್ತದೆ. ಆ ಹುಡುಗಿ ದಿನಾ ಬೇಲಿ ಹತ್ತಿರ ನಿಂತು, "ಉತ್ತರ ಬಂತಾ ಅಕ್ಕ?" ಎನ್ನುತ್ತಾಳೆ. ಹೇಳದಿದ್ದರೆ ಇವರ ಅನ್ನ ಹೋಗುತ್ತದೆ. ಯಾವುದು ಸರಿ? ಒಂದು ಗಳಿಗೆ ಇದು, ಇನ್ನೊಂದು ಗಳಿಗೆ ಅದು ಅನ್ನಿಸುತ್ತದೆ. ಏನು ಮಾಡಲಿ, ನೀನೇ ಹೇಳು.

ನಿನ್ನ ಮಗಳು,
ನರ್ಮದಾ

ತಾ.ಕ.: ಅಮ್ಮ, ಮೇಲೆ ಒಂದು ಮಾತು ಮುಚ್ಚಿಟ್ಟೆ. ಇವರ ಹೆಸರಿನ ತಪ್ಪೊಪ್ಪಿಗೆಯನ್ನು ನಿನ್ನೆಯೇ ಬರೆದಾಯಿತು. ಬರೆದವಳು ನಾನೇ. ಹೊಸ ಸಾಹೇಬರಿಗೆ ಇವರ ಕೈಬರಹ ಗೊತ್ತಿಲ್ಲ, ಅಕ್ಷರ ಅರ್ಜಿಗೆ ಹೊಂದಬೇಕಲ್ಲ. 'ನನ್ನ ಹೆಂಡತಿಗೆ ಓದುಬರಹ ಬಾರದು' ಎಂದು ಬರೆ ಎಂದು ಇವರು ಹೇಳಿದರು. ನಾನು ಒಂದು ಚಿತ್ತೂ ಇಲ್ಲದೆ, ದುಂಡಗೆ ಬರೆದುಕೊಟ್ಟೆ. ಇವತ್ತು ಬೆಳಗಿನ ಬಸ್ಸಿಗೆ ಇವರು ಅದನ್ನು ತೆಗೆದುಕೊಂಡು ಹೋದರು.